ಎಂಎಸ್ ಸಂಶೋಧನೆಗೆ ಸೇರುವ ಮುನ್ನ: ರೋಗಿಗಳೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಹನ್ನೊಂದು ವರ್ಷ ನರರೋಗ ವಿಭಾಗವೊಂದರಲ್ಲಿ ಸ್ಟಡಿ ಕೋಆರ್ಡಿನೇಟರ್ ಆಗಿದ್ದೆ. ಟ್ರಯಲ್‌ಗೆ (ಹೊಸ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನಕ್ಕೆ) ಸೇರುವವರಿಗೆ ಕಾಗದ ಓದಿ ಹೇಳುವುದು, ರಕ್ತದ ಟ್ಯೂಬಿಗೆ ಸ್ಟಿಕ್ಕರ್ ಅಂಟಿಸುವುದು, ‘ನಾಳೆ ಎಂಆರ್‌ಐ ಇದೆ, ಮರೀಬೇಡಿ’ ಅಂತ ಫೋನ್ ಮಾಡುವುದು, ಬಸ್ ಟಿಕೆಟ್ ಇಸಿದುಕೊಂಡು ಚಾರ್ಜು ಕೊಡುವುದು ನನ್ನ ಕೆಲಸ. ನಾನು ಡಾಕ್ಟರಲ್ಲ. ಔಷಧ ಶುರು ಮಾಡುವ, ನಿಲ್ಲಿಸುವ ಮಾತನ್ನು ನಿಮ್ಮ ನರರೋಗ ತಜ್ಞರ ಹತ್ತಿರವೇ ಆಡಿ. ಕೆಲಸ ಬಿಟ್ಟ ಮೇಲೂ ಫೋನಿನಲ್ಲಿ, ಕಾಗದದಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಅವೇ ಪ್ರಶ್ನೆಗಳು ಎದುರಾಗುತ್ತವೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ; ಹೆಸರು, ಊರು ಮಾತ್ರ ತೆಗೆದಿದ್ದೇನೆ.

### ಶುರುವಿಗೆ

“ಡಾಕ್ಟರು ಎರಡೇ ನಿಮಿಷದಲ್ಲಿ ಎಂಎಸ್ ಅಂತ ಹೇಳಿ ಮುಂದಿನ ಪೇಷಂಟ್ ಕರೆದರು. ಏನಿದು?”

ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವುದರ ಚಿಕ್ಕ ರೂಪ. ಮೆದುಳು, ಬೆನ್ನುಹುರಿ, ಕಣ್ಣಿನ ನರ ಇವುಗಳ ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಪದರ ಸುತ್ತಿಕೊಂಡಿರುತ್ತದೆ. ದೇಹ ಕಾಯಬೇಕಾದ ರೋಗನಿರೋಧಕ ಕಣಗಳೇ ಆ ಪದರಕ್ಕೆ ಬಾಯಿ ಹಾಕುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಎಲ್ಲಿ ಮೇಯ್ದಿತೋ ಅಲ್ಲಿನ ಕೆಲಸ ಕೆಡುತ್ತದೆ: ಒಬ್ಬರಿಗೆ ಒಂದು ಕಣ್ಣು ಮಂಜು, ಇನ್ನೊಬ್ಬರಿಗೆ ಸೊಂಟದಿಂದ ಕೆಳಗೆ ಜೋಮು, ಮತ್ತೊಬ್ಬರಿಗೆ ಮೂತ್ರ ತಡೆಯಲಾಗದು. ಹೆಚ್ಚಿನವರಿಗೆ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತದೆ, ಹೆಂಗಸರಲ್ಲಿ ಜಾಸ್ತಿ. ಕೆಲವು ವಾರ ಕಾಡಿ ತಾನಾಗಿಯೇ ಇಳಿಯುವುದೂ ಉಂಟು. ‘ದೃಷ್ಟಿ ತೆಗೆಸಿದೆವು, ಸರಿಹೋಯ್ತು’ ಅನ್ನುವವರು ನಮ್ಮಲ್ಲಿ ಬಹಳ ಇರುವುದು ಅದಕ್ಕೇ. ಅಂಟುರೋಗ ಅಲ್ಲ.

“ಇದು ಬಿಳಿಯರ ಕಾಯಿಲೆ ಅಂತಾರೆ. ನಮ್ಮ ಕಡೆ ಎಷ್ಟು ಜನಕ್ಕಿದೆ?”

ಉತ್ತರ ಯೂರೋಪಿನಲ್ಲಿ ಹೆಚ್ಚು ಅನ್ನುವುದು ನಿಜ. ಹಾಗಂತ ನಮ್ಮಲ್ಲಿ ಇಲ್ಲವೆಂದಲ್ಲ. ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ಲೇಖಾ ಪಂಡಿತ್ ಅವರ ತಂಡ ಮಂಗಳೂರು ನಗರದಲ್ಲಿ ಎಣಿಕೆ ಮಾಡಿ 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಲಕ್ಷ ಜನಕ್ಕೆ ಸುಮಾರು 8 ಮಂದಿ. ಅದಕ್ಕೆ ಮುಂಚೆ ಭಾರತದಲ್ಲಿ ಓಡಾಡುತ್ತಿದ್ದ ಅಂಕಿಗಳು ಬಹುಪಾಲು ಆಸ್ಪತ್ರೆ ಕಡತದಿಂದ ಅಂದಾಜು ಮಾಡಿದವು. ಲಕ್ಷಕ್ಕೆ ಒಬ್ಬರೋ ಇಬ್ಬರೋ ಅನ್ನುತ್ತಿದ್ದರು. ಊರು ಹಿಡಿದು ಎಣಿಸಿದಾಗ ಲೆಕ್ಕವೇ ಬೇರೆಯಾಯಿತು. ಆ ಎಣಿಕೆಗೆ ಹೆಸರು ಕೊಟ್ಟ ಮಂಗಳೂರಿಗರು ಯಾವ ಔಷಧವನ್ನೂ ನುಂಗಲಿಲ್ಲ, ಆದರೂ ಸಂಶೋಧನೆಯಲ್ಲಿ ಭಾಗವಹಿಸಿದವರೇ. ಈಗ ದೆಹಲಿಯ ಏಮ್ಸ್ ಮುಂದಾಳತ್ವದಲ್ಲಿ, ಐಸಿಎಂಆರ್ (ವೈದ್ಯಕೀಯ ಸಂಶೋಧನೆಯ ಕೇಂದ್ರ ಸರ್ಕಾರಿ ಮಂಡಳಿ) ನೆರವಿನಿಂದ, ದೇಶಮಟ್ಟದ ರಿಜಿಸ್ಟ್ರಿಯೂ (ರೋಗಿಗಳ ದಾಖಲೆ ಪಟ್ಟಿ) ನಡೆಯುತ್ತಿದೆ.

“ಸಂಶೋಧನೆ ಅಂದ್ರೆ ನಮ್ಮ ಮೇಲೆ ಇಲಿ ಥರ ಪ್ರಯೋಗ ಮಾಡೋದು ತಾನೆ?”

ಹೊಸ ಔಷಧದ ಟ್ರಯಲ್ ಅನ್ನುವುದು ಸಂಶೋಧನೆಯ ಒಂದು ಮೂಲೆ ಅಷ್ಟೆ. ನಿಮ್ಮ ಕಾಯಿಲೆಯ ಜಾತಕವನ್ನು ವರ್ಷಕ್ಕೊಮ್ಮೆ ಬರೆದಿಡುವ ರಿಜಿಸ್ಟ್ರಿ, ಹೆಚ್ಚುವರಿ ಒಂದು ಟ್ಯೂಬ್ ರಕ್ತ, ಮಾಮೂಲಿ ಎಂಆರ್‌ಐ ಜೊತೆ ಹತ್ತು ನಿಮಿಷದ ಇನ್ನೊಂದು ಸ್ಕ್ಯಾನ್, ಸುಸ್ತಿನ ಬಗ್ಗೆ ಪ್ರಶ್ನಾವಳಿ, ಇವೆಲ್ಲ ಅದೇ ಲೆಕ್ಕಕ್ಕೆ ಬರುತ್ತವೆ.

ಎಪ್‌ಸ್ಟೈನ್-ಬಾರ್ ಎಂಬ ಸಾಮಾನ್ಯ ವೈರಸ್ಸಿಗೂ ಎಂಎಸ್‌ಗೂ ಇರುವ ನಂಟು 2022ರಲ್ಲಿ ಗಟ್ಟಿಯಾಯಿತಲ್ಲ, ಅದು ಹೇಗೆ ಗೊತ್ತೇ? ಅಮೆರಿಕದ ಸೈನಿಕರಿಗೆ ಎಚ್‌ಐವಿ ಪರೀಕ್ಷೆ ಮಾಡಿ ಉಳಿದ ರಕ್ತದ ಸೀರಮ್ಮನ್ನು ಫ್ರೀಜರಿನಲ್ಲಿಟ್ಟಿದ್ದರು. ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆ ಜಾಲಾಡಿದಾಗ ಸೇವೆಯಲ್ಲಿದ್ದಾಗ ಎಂಎಸ್ ಬಂದ 955 ಜನ ಸಿಕ್ಕರು. ಅವರಲ್ಲಿ ಪರೀಕ್ಷಿಸಲು ಮಾದರಿ ಇದ್ದದ್ದು 801 ಮಂದಿಯದು. ಒಬ್ಬರನ್ನು ಬಿಟ್ಟು ಉಳಿದ ಎಲ್ಲರಿಗೂ ಎಂಎಸ್‌ಗೆ ಮುಂಚೆಯೇ ಈ ವೈರಸ್ ತಗುಲಿತ್ತು. ತಗುಲಿದ ಮೇಲೆ ಎಂಎಸ್ ಬರುವ ಸಂಭವ 32 ಪಟ್ಟು. ವೈರಸ್ ಬಂದವರಿಗೆಲ್ಲ ಎಂಎಸ್ ಬರುವುದಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡವರಲ್ಲಿ ಬಹುಪಾಲು ಎಲ್ಲರ ಮೈಯಲ್ಲೂ ಅದಿದೆ.

“ಸೇರಿದ್ರೆ ವಾಸಿ ಆಗುತ್ತಾ ಮೇಡಂ? ಒಂದೇ ಮಾತಲ್ಲಿ ಹೇಳಿ.”

ಇಲ್ಲ. ಎಂಎಸ್ ಅನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಬಂದಿಲ್ಲ. ಟ್ರಯಲ್ ನಡೆಸುವುದೇ ‘ಈ ಔಷಧ ಕೆಲಸ ಮಾಡುತ್ತದೋ ಇಲ್ಲವೋ’ ಎಂದು ಗೊತ್ತಿಲ್ಲದಾಗ. ಗೊತ್ತಿದ್ದರೆ ಅಂಗಡಿಯಲ್ಲೇ ಸಿಗುತ್ತಿತ್ತು. ‘ಇದಕ್ಕೆ ಸೇರಿ, ಗುಣವಾಗ್ತೀರಿ’ ಅಂತ ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

### ರೋಗ ಪತ್ತೆಯ ಸುತ್ತ

“ಸಕ್ಕರೆ ಕಾಯಿಲೆಗೆ ಒಂದು ಟೆಸ್ಟ್ ಸಾಕು. ಎಂಎಸ್‌ಗೆ ಯಾಕೆ ಇಷ್ಟೊಂದು ಅಲೆದಾಟ?”

ಒಂದೇ ರಕ್ತಪರೀಕ್ಷೆಯಲ್ಲಿ ‘ಹೌದು’ ಅನ್ನಿಸಿಕೊಳ್ಳುವ ಕಾಯಿಲೆ ಇದಲ್ಲ. ಹಾನಿ ಒಂದಕ್ಕಿಂತ ಹೆಚ್ಚು ಜಾಗದಲ್ಲಿ, ಬೇರೆ ಬೇರೆ ಸಮಯದಲ್ಲಿ ಆಗಿದೆಯೇ, ಬೇರೆ ಕಾಯಿಲೆ ಅಲ್ಲವೇ ಎಂದು ಜೋಡಿಸಿ ನೋಡುತ್ತಾರೆ. ಅದಕ್ಕಿರುವ ನಿಯಮಗಳಿಗೆ ಮ್ಯಾಕ್‌ಡೊನಾಲ್ಡ್ ಮಾನದಂಡ ಅಂತ ಹೆಸರು. 2001ರಲ್ಲಿ ಬಂತು, 2005, 2010, 2017ರಲ್ಲಿ ತಿದ್ದಿದರು. 2024ರ ತಿದ್ದುಪಡಿಯಲ್ಲಿ ಕಣ್ಣಿನ ನರಕ್ಕೂ ಜಾಗ ಸಿಕ್ಕಿತು. ಸ್ಕ್ಯಾನಿನ ಮಚ್ಚೆಯ ನಡುವೆ ಸಣ್ಣ ರಕ್ತನಾಳ ಕಾಣುತ್ತದೆಯೇ ಎಂಬುದೂ ಲೆಕ್ಕಕ್ಕೆ ಬಂತು.

ಪ್ರತಿ ತಿದ್ದುಪಡಿಯ ಹಿಂದೆಯೂ ವರ್ಷಗಟ್ಟಲೆ ಸ್ಕ್ಯಾನಿಗೆ ಮಲಗಿದವರಿದ್ದಾರೆ. ಅಮೆರಿಕದಲ್ಲಿ 1988ರಿಂದ 1991ರವರೆಗೆ ಕಣ್ಣಿನ ನರದ ಉರಿಯೂತವಿದ್ದ 457 ಜನ ಒಂದು ಅಧ್ಯಯನಕ್ಕೆ ಸೇರಿದರು. ಯಾವ ಸ್ಟಿರಾಯ್ಡ್ ಒಳ್ಳೆಯದು ಅನ್ನುವುದು ಮೂಲ ಪ್ರಶ್ನೆ. ಮಾಮೂಲಿ ಪ್ರಮಾಣದ ಪ್ರೆಡ್ನಿಸೊಲೋನ್ ಜಾತಿಯ ಮಾತ್ರೆಯನ್ನಷ್ಟೇ ನುಂಗಿದವರಿಗೆ ಕಣ್ಣಿನ ತೊಂದರೆ ಮರುಕಳಿಸಿದ್ದು ಹೆಚ್ಚು ಎಂದು ಗೊತ್ತಾಗಿ ಎಲ್ಲರೂ ಬೆಚ್ಚಿದರು. ಇವತ್ತು ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಕಣ್ಣು ಮಂಜಾಗಿ ಹೋದರೆ ಮಾತ್ರೆ ಬರೆಯದೆ ಡ್ರಿಪ್‌ನಲ್ಲಿ ಸ್ಟಿರಾಯ್ಡ್ ಹಾಕುವುದರ ಹಿಂದೆ ಆ 457 ಜನ ಇದ್ದಾರೆ. ಅವರು ಅಲ್ಲಿಗೆ ಬಿಡಲಿಲ್ಲ, ಹದಿನೈದು ವರ್ಷ ಮತ್ತೆ ಮತ್ತೆ ಬಂದರು. ಮೊದಲ ಎಂಆರ್‌ಐಯಲ್ಲಿ ಮೆದುಳಿನಲ್ಲಿ ಒಂದೂ ಮಚ್ಚೆ ಇಲ್ಲದವರಲ್ಲಿ ಶೇಕಡ 25 ಮಂದಿಗೆ ಎಂಎಸ್ ಬಂದಿತ್ತು. ಒಂದಾದರೂ ಮಚ್ಚೆ ಇದ್ದವರಲ್ಲಿ ಶೇಕಡ 72. ‘ಒಂದು ಕಣ್ಣಿಗೆ ಬಂದಿದ್ದಕ್ಕೆ ಮೆದುಳಿನ ಸ್ಕ್ಯಾನ್ ಯಾಕೆ, ದುಡ್ಡು ಹೊಡೆಯೋಕೆ’ ಅಂತ ಬೈಯುವ ಮಾವಂದಿರಿಗೆ ನಾನು ಈ ಎರಡು ಅಂಕಿ ಹೇಳುತ್ತಿದ್ದೆ.

“ಐದು ವರ್ಷದಿಂದ ಎಂಎಸ್ ಅಂತ ಔಷಧಿ ತಗೊಂಡೆ. ಟ್ರಯಲ್‌ನವರು ಪರೀಕ್ಷೆ ಮಾಡಿ ನಿಮ್ಮದು ಎಂಎಸ್ಸೇ ಅಲ್ಲ ಅಂದರು. ಯಾರನ್ನ ನಂಬೋದು?”

ಸಿಟ್ಟು ಬರುವುದು ಸಹಜ. ಆದರೆ ಟ್ರಯಲ್‌ಗೆ ಸೇರಿಸುವ ಮುಂಚಿನ ಪರೀಕ್ಷೆ ಕಟ್ಟುನಿಟ್ಟಾಗಿರುವುದರಿಂದ ಇಂಥದ್ದು ಹೊರಬೀಳುತ್ತದೆ, ಅದು ಒಳ್ಳೆಯದೇ. ಎನ್‌ಎಂಒ ಎಂಬ, ಹೆಚ್ಚಾಗಿ ಕಣ್ಣಿನ ನರಕ್ಕೂ ಬೆನ್ನುಹುರಿಗೂ ತಗಲುವ ಕಾಯಿಲೆಯನ್ನು ಬಹಳ ಕಾಲ ಎಂಎಸ್‌ನ ಒಂದು ಬಗೆ ಅಂತಲೇ ತಿಳಿದಿದ್ದರು. 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಅದಕ್ಕೇ ಮೀಸಲಾದ ಪ್ರತಿಕಾಯವನ್ನು (ಆಂಟಿಬಾಡಿ) ರಕ್ತದಲ್ಲಿ ಹಿಡಿದರು. ಆಮೇಲೆ ಮಾಗ್ ಎಂಬ ಪ್ರೋಟೀನಿನ ವಿರುದ್ಧ ಪ್ರತಿಕಾಯ ಇರುವವರ ಇನ್ನೊಂದು ಗುಂಪು ಬೇರೆಯಾಯಿತು. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮೋಡ್, ನಟಾಲಿಜುಮ್ಯಾಬ್‌ನಂಥ ಔಷಧಗಳು ಎನ್‌ಎಂಒ ಇದ್ದವರನ್ನು ಇನ್ನಷ್ಟು ಕೆಡಿಸಬಲ್ಲವು. ಹೆಸರು ತಪ್ಪಾದರೆ ಔಷಧವೂ ತಪ್ಪುತ್ತದೆ. ನಮ್ಮಲ್ಲಿ ಬಿ12 ಕೊರತೆ, ಕ್ಷಯ ಇವೂ ನರಗಳ ಮೇಲೆ ಎಂಎಸ್ ವೇಷ ಹಾಕುತ್ತವೆ. ಬೆಂಗಳೂರಿನ ನಿಮ್ಹಾನ್ಸ್, ಮಂಗಳೂರಿನ ಪ್ರಯೋಗಾಲಯಗಳಲ್ಲಿ ಈ ಪ್ರತಿಕಾಯಗಳ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಟ್ರಯಲ್‌ನವರು ಮಾಡಿದ ವರದಿಯ ಪ್ರತಿ ಕೇಳಿ ಪಡೆದು, ಹಳೇ ಫೈಲಿನ ಜೊತೆ ನಿಮ್ಮ ಡಾಕ್ಟರ ಮುಂದಿಡಿ.

“ಬೆನ್ನಿಂದ ನೀರು ತೆಗೆದ್ರೆ ಜೀವನಪೂರ್ತಿ ಸೊಂಟ ಹಿಡ್ಕೊಳ್ಳುತ್ತಂತೆ?”

ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ. ತೆಗೆಯುವುದು ಎರಡು ಮೂರು ಚಮಚ. ದೇಹ ದಿನಕ್ಕೆ ಅರ್ಧ ಲೀಟರ್‌ನಷ್ಟು ಅದೇ ದ್ರವವನ್ನು ತಯಾರಿಸುತ್ತದೆ. ಕೆಲವರಿಗೆ ನಾಲ್ಕಾರು ದಿನ ಎದ್ದು ಕೂತರೆ ತಲೆನೋವು, ಮಲಗಿದರೆ ಇಳಿತ. ತೆಳ್ಳನೆಯ, ತುದಿ ಮೊಂಡಾದ ಸೂಜಿ ಬಳಸಿದರೆ ಅದೂ ಕಡಿಮೆ. ಯಾವ ಸೂಜಿ ಅಂತ ಕೇಳುವ ಹಕ್ಕು ನಿಮಗಿದೆ. ಸಂಶೋಧನೆಗಾಗಿ ಮಾತ್ರ ತೆಗೆಯುತ್ತಾರೋ, ಹೇಗೂ ತೆಗೆಯುವುದರಲ್ಲಿ ಒಂದು ಪಾಲು ಇಟ್ಟುಕೊಳ್ಳುತ್ತಾರೋ ಅನ್ನುವುದನ್ನೂ ಕೇಳಿ. ಎರಡರ ನಡುವೆ ಬಹಳ ವ್ಯತ್ಯಾಸವಿದೆ.

### ಸಹಿ ಮಾಡುವ ಮೊದಲು

“ಇಪ್ಪತ್ತು ಪುಟದ ಕಾಗದ ಕೊಟ್ಟು ಸಹಿ ಹಾಕಿ ಅಂದ್ರು. ಕನ್ನಡದಲ್ಲೇ ಇದೆ, ಒಂದಕ್ಷರ ಅರ್ಥ ಆಗ್ಲಿಲ್ಲ.”

ತಪ್ಪು ನಿಮ್ಮದಲ್ಲ. ಆ ಕನ್ನಡವನ್ನು ನಾನೂ ಹನ್ನೊಂದು ವರ್ಷ ಓದಿ ಹಲ್ಲು ಕಡಿದಿದ್ದೇನೆ. ‘ನಿಮ್ಮನ್ನು ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು’ ಅಂತಿರುತ್ತದೆ. ಒಬ್ಬ ಅಜ್ಜ ‘ಯಾದೃಚ್ಛಿಕ ಅಂದ್ರೆ ಯಾವ ಡಿಪಾರ್ಟ್‌ಮೆಂಟವ್ವಾ?’ ಅಂತ ಕೇಳಿದ್ದರು. ಚೀಟಿ ಎತ್ತಿದ ಹಾಗೆ ಅಂತ ಹೇಳಿದೆ, ತಕ್ಷಣ ಅರ್ಥವಾಯಿತು.

ಕಾಗದವನ್ನು ಮನೆಗೆ ಒಯ್ಯಿರಿ. ‘ಇವತ್ತೇ ಸಹಿ ಆಗ್ಬೇಕು’ ಅನ್ನುವವರಿಗೆ ‘ಆಗಲ್ಲ’ ಅನ್ನಿ. ಓದಲು ಬಾರದವರಿಗೆ ಓದಿ ಹೇಳುವಾಗ ಟ್ರಯಲ್‌ಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪೂರ್ತಿ ಹೊತ್ತು ಕೂತಿರಬೇಕು. ಭಾರತದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲೇ ಇದಿದೆ. ತೀರಾ ಹೊಸ ಅಣುವಿನ ಔಷಧವಾಗಿ, ಭಾಗವಹಿಸುವವರು ಅಸಹಾಯಕ ಸ್ಥಿತಿಯಲ್ಲಿದ್ದರೆ, ಒಪ್ಪಿಗೆಯ ಮಾತುಕತೆಯನ್ನು ವಿಡಿಯೊ ಮಾಡಲೇಬೇಕು. ಸಹಿಯಾದ ಪ್ರತಿಯೊಂದು ನಿಮ್ಮ ಕೈಗೆ ಬರಬೇಕು.

ಕೊನೆಯ ಪುಟದಲ್ಲಿ ಎಲ್ಲರೂ ಗಾಬರಿಯಾಗುತ್ತಾರೆ. ಅಲ್ಲಿ ನಿಮ್ಮ ಓದು, ಉದ್ಯೋಗ, ವರ್ಷದ ಆದಾಯ, ಮತ್ತು ನಾಮಿನಿಯ ಹೆಸರು ಕೇಳುತ್ತಾರೆ. ‘ನಾಮಿನಿ ಯಾಕೆ, ನಾನು ಸಾಯ್ತೀನಾ?’ ಅಂತ ಪೆನ್ನು ಕೆಳಗಿಟ್ಟವರಿದ್ದಾರೆ. ಏನಾದರೂ ಆದರೆ ಪರಿಹಾರ ಯಾರಿಗೆ ಸೇರಬೇಕು ಎಂಬುದಕ್ಕಾಗಿ ಅದು. ಆ ಜಾಗವನ್ನು ಖಾಲಿ ಬಿಡಬೇಡಿ.

“ಸೊಸೆ ಪರವಾಗಿ ನಾವೇ ಸಹಿ ಹಾಕಿದ್ರೆ ಆಗಲ್ವಾ? ಮನೆಯಲ್ಲಿ ಹಿರಿಯರು ನಾವು.”

ಆಗಲ್ಲ. ಹದಿನೆಂಟು ದಾಟಿ ಬುದ್ಧಿ ಸ್ಥಿಮಿತದಲ್ಲಿರುವವರು ತಮ್ಮ ಸಹಿಯನ್ನು ತಾವೇ ಹಾಕಬೇಕು, ಕೈ ನಡುಗಿದರೆ ಹೆಬ್ಬೆಟ್ಟು ಒತ್ತಬಹುದು. ನೀವು ಪಕ್ಕದಲ್ಲಿ ಕೂತು ಕೇಳಿ, ಪ್ರಶ್ನೆ ಹಾಕಿ. ಉತ್ತರ ಆಕೆಯ ಬಾಯಿಂದ ಬರಲಿ.

“ಮಧ್ಯದಲ್ಲಿ ಬಿಟ್ರೆ ಡಾಕ್ಟರು ಬೇಜಾರ್ ಮಾಡ್ಕೊಂಡು ಆಮೇಲೆ ನೋಡದೇ ಇದ್ರೆ?”

ಕಾರಣ ಕೊಡದೆ ಯಾವಾಗ ಬೇಕಾದರೂ ಬಿಡಬಹುದು, ಮಾಮೂಲಿ ಚಿಕಿತ್ಸೆಗೆ ಅದರಿಂದ ಧಕ್ಕೆಯಾಗುವಂತಿಲ್ಲ. ಕಾಗದದಲ್ಲಿ ಇದು ಸಲೀಸು. ‘ಡಾಕ್ಟರು ದೇವರ ಹಾಗೆ’ ಅಂತ ಕೂತವರಿಗೆ ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನನ್ನ ಹತ್ತಿರ ‘ನಮ್ಮೂರ ಜಾತ್ರೆ’ ಅಂತ ಮೂರು ಸಲ ನೆಪ ಹೇಳಿ ನಾಲ್ಕನೇ ಸಲ ಫೋನ್ ಎತ್ತದವರಿದ್ದರು. ಹಾಗೆ ಮಾಡಬೇಡಿ, ಕೋಆರ್ಡಿನೇಟರ್‌ಗೆ ನೇರವಾಗಿ ಹೇಳಿ. ಕೆಲವು ಔಷಧಗಳನ್ನು ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಇಮ್ಮಡಿಯಾಗಿ ಕೆರಳುವುದುಂಟು, ಫಿಂಗೊಲಿಮೋಡ್ ಅಂಥದ್ದು. ಬಿಡುವುದಕ್ಕೂ ಒಂದು ಕ್ರಮ ಬೇಕು.

“ದುಡ್ಡು ಕೊಡ್ತಾರಾ, ನಾವೇ ಕೊಡಬೇಕಾ?”

ಟ್ರಯಲ್ ಔಷಧ, ಅದಕ್ಕಾಗಿ ಮಾಡುವ ಸ್ಕ್ಯಾನ್, ರಕ್ತಪರೀಕ್ಷೆಗೆ ನೀವು ಕಾಸು ಬಿಚ್ಚುವಂತಿಲ್ಲ. ಬಸ್ಸು, ಊಟ, ಕೂಲಿ ತಪ್ಪಿದ್ದಕ್ಕೆ ಒಂದಿಷ್ಟು ಸಿಗುತ್ತದೆ. ಎಷ್ಟೆಂಬುದನ್ನು ನೈತಿಕ ಸಮಿತಿ (ಭಾಗವಹಿಸುವವರ ಹಿತ ಕಾಯಲು ಟ್ರಯಲ್ ಪರಿಶೀಲಿಸುವ ಸಮಿತಿ) ಮೊದಲೇ ನೋಡಿರುತ್ತದೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ಬಸ್ಸಿನ ಲೆಕ್ಕ ಸಾಲದು, ಟ್ಯಾಕ್ಸಿ ಬೇಕು, ಜೊತೆಗೊಬ್ಬರು ಬೇಕು. ಸಹಿ ಮಾಡುವ ಮೊದಲೇ ಕೇಳಿ. ಆಮೇಲೆ ಕೇಳಿದರೆ ‘ಬಜೆಟ್‌ನಲ್ಲಿಲ್ಲ’ ಅನ್ನುವ ಉತ್ತರ ಬರುತ್ತದೆ.

### ಟ್ರಯಲ್ ಒಳಗೆ

“ನನಗೆ ಸುಳ್ಳು ಮಾತ್ರೆ ಬಂದ್ರೆ? ಎರಡು ವರ್ಷ ದಂಡ ಅಲ್ವಾ?”

ಇದು ಎಲ್ಲರ ಎದೆಯಲ್ಲಿರುವ ಪ್ರಶ್ನೆ. ಎಂಎಸ್‌ನ ಮೊದಲ ಔಷಧ, ಇಂಟರ್‌ಫೆರಾನ್ ಬೀಟಾ-1ಬಿ, 1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ಸುಳ್ಳು ಔಷಧದ (ನೋಡಲು ಅದೇ ಥರ, ಒಳಗೆ ಔಷಧವಿಲ್ಲ) ಎದುರಿಗೆ ಹೋಲಿಸಿಯೇ. ಆಗ ಬೇರೇನೂ ಇರಲಿಲ್ಲ. ಬಂದಾಗ ಎಲ್ಲರಿಗೂ ಸಾಲದೆ ರೋಗಿಗಳಿಗೆ ಲಾಟರಿ ಎತ್ತಿ ಹಂಚಬೇಕಾಯಿತು. ಇವತ್ತು ಬಂದು ಹೋಗುವ ಬಗೆಯ ಎಂಎಸ್‌ಗೆ ಔಷಧಗಳು ಇರುವಾಗ ಹೊಸದನ್ನು ಸಾಮಾನ್ಯವಾಗಿ ಹಳೆಯದರ ಎದುರಿಗೆ ನಿಲ್ಲಿಸುತ್ತಾರೆ: ಆಕ್ರೆಲಿಜುಮ್ಯಾಬನ್ನು ಇಂಟರ್‌ಫೆರಾನ್ ಜೊತೆ, ಟೊಲೆಬ್ರುಟಿನಿಬನ್ನು ಟೆರಿಫ್ಲುನೊಮೈಡ್ ಜೊತೆ ಹೋಲಿಸಿದಂತೆ. ಸುಳ್ಳು ಮಾತ್ರೆಯ ಗುಂಪು ಇದೆ ಅಂದರೆ, ಆ ಗುಂಪಿಗೆ ಕಾಯಿಲೆ ಕೆರಳಿದರೆ ಯಾವಾಗ, ಯಾವ ಔಷಧ ಕೊಡುತ್ತೀರಿ ಎಂದು ಬಾಯಿಬಿಟ್ಟು ಕೇಳಿ. ಇರುವ ಚಿಕಿತ್ಸೆಯನ್ನು ಕೊಡದೆ ಸುಳ್ಳು ಔಷಧ ಕೊಟ್ಟದ್ದರಿಂದ ಹಾನಿಯಾದರೆ ಅದೂ ನಮ್ಮ ನಿಯಮಗಳ ಪ್ರಕಾರ ಪರಿಹಾರಕ್ಕೆ ಅರ್ಹ.

“ಪರೀಕ್ಷೆ ಮಾಡೋ ಡಾಕ್ಟರ ಹತ್ರ ಏನೂ ಮಾತಾಡಬೇಡಿ ಅಂತೀರಲ್ಲ, ಇದ್ಯಾವ ನ್ಯಾಯ?”

ಎಂಎಸ್ ಟ್ರಯಲ್‌ನಲ್ಲಿ ಇಬ್ಬರು ಡಾಕ್ಟರಿರುತ್ತಾರೆ. ಒಬ್ಬರು ನಿಮ್ಮ ಕಷ್ಟಸುಖ ಕೇಳಿ ಚಿಕಿತ್ಸೆ ನೋಡುವವರು. ಇನ್ನೊಬ್ಬರು ನಿಮ್ಮ ನಡಿಗೆ, ಕೈಕಾಲು ಪರೀಕ್ಷಿಸಿ ಅಂಕ ಹಾಕುವವರು ಮಾತ್ರ. ‘ಸೂಜಿ ಹಾಕಿದ ದಿನ ಜ್ವರ ಬರುತ್ತೆ ಸಾರ್’ ಅಂದುಬಿಟ್ಟರೆ ನಿಮಗೆ ಇಂಟರ್‌ಫೆರಾನ್ ಸಿಕ್ಕಿದೆ ಅಂತ ಎರಡನೆಯವರಿಗೆ ಗೊತ್ತಾಗಿ, ಅವರಿಗೇ ತಿಳಿಯದಂತೆ ಅಂಕ ಓಲಾಡುತ್ತದೆ. ಚುಚ್ಚಿದ ಜಾಗ ಕಾಣದಂತೆ ತುಂಬುತೋಳಿನ ಅಂಗಿ ಹಾಕಿಸುವುದೂ ಅದಕ್ಕೇ.

ಅಂಕದ ಪಟ್ಟಿಗೆ ಇಡಿಎಸ್ಎಸ್ ಅಂತ ಹೆಸರು, ಸೊನ್ನೆಯಿಂದ ಹತ್ತು; ಅಂಕ ಏರಿದಷ್ಟೂ ಅಂಗವೈಕಲ್ಯ ಹೆಚ್ಚು. ಸುಮಾರು ನೂರು ಮೀಟರ್ ನಡೆಯಲು ಒಂದು ಕೋಲು ಬೇಕಾದರೆ 6. ಇದಲ್ಲದೆ 25 ಅಡಿ ನಡಿಗೆಗೆ ಗಡಿಯಾರ ಹಿಡಿಯುತ್ತಾರೆ. ಒಂಬತ್ತು ತೂತಿನ ಹಲಗೆಯೂ ಒಂದಿದೆ: ಗೂಟಗಳನ್ನು ಒಂದೊಂದಾಗಿ ತೂತಿಗೆ ಸಿಕ್ಕಿಸಿ ಮತ್ತೆ ತೆಗೆಯಬೇಕು, ಎರಡೂ ಕೈಯಲ್ಲಿ. ಹೂವು ಮಾರುವ ಒಬ್ಬ ಹೆಂಗಸು ಆ ಹಲಗೆಯನ್ನು ನೋಡಿ ನಕ್ಕಿದ್ದು ನೆನಪಿದೆ. ‘ಅಕ್ಕಾ, ಇದೇನು ಮಹಾ. ಮಲ್ಲಿಗೆ ಕಟ್ಟೋವಾಗ ದಾರ ಬೆರಳಿಂದ ಜಾರೋಕೆ ಶುರುವಾದಾಗ್ಲೇ ನಂಗೆ ಗೊತ್ತಾಯ್ತು. ಡಾಕ್ಟರಿಗೆ ಗೊತ್ತಾಗಿದ್ದು ವರ್ಷ ಆದ್ಮೇಲೆ.’

“ಮದುವೆಯಾಗಿ ಎರಡು ವರ್ಷ. ಮಗು ಬೇಕು. ಸೇರಬಹುದಾ?”

ಹೊಸ ಔಷಧದ ಟ್ರಯಲ್‌ಗೆ ಸದ್ಯಕ್ಕೆ ಬೇಡ. ಅಲ್ಲಿ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕೆಂಬ ಷರತ್ತು ಇದ್ದೇ ಇರುತ್ತದೆ. ಮಗು ಬೇಕೆಂಬುದನ್ನು ಮುಚ್ಚಿಟ್ಟು ಸೇರುವುದಂತೂ ಬೇಡವೇ ಬೇಡ. ಗರ್ಭಿಣಿಯರನ್ನು ಸುಮ್ಮನೆ ಗಮನಿಸುವ ಅಧ್ಯಯನಗಳಿಗೆ ಸೇರಬಹುದು. ಹಿಂದೆ ಎಂಎಸ್ ಇದ್ದವರಿಗೆ ‘ಮಗು ಬೇಡ’ ಅಂತಲೇ ಹೇಳುತ್ತಿದ್ದರು. ಯೂರೋಪಿನ 12 ದೇಶಗಳ 254 ಹೆಂಗಸರು ತಮ್ಮ ಬಸಿರು, ಬಾಣಂತನವನ್ನು ಲೆಕ್ಕಕ್ಕೆ ಕೊಟ್ಟರು. 1998ರಲ್ಲಿ ಫಲಿತಾಂಶ ಬಂತು. ಬಸಿರಿನ ಕೊನೆಯ ಮೂರು ತಿಂಗಳು ಅಟ್ಯಾಕ್ (ಎಂಎಸ್ ಹೊಸದಾಗಿ ಕೆರಳುವುದು) ಬಹಳ ಕಡಿಮೆ, ಹೆತ್ತ ಮೇಲಿನ ಮೂರು ತಿಂಗಳು ಹೆಚ್ಚು. ಬಾಣಂತನಕ್ಕೆ ತವರಿನಲ್ಲಿ ಇನ್ನೊಂದು ತಿಂಗಳು ಹೆಚ್ಚಿಗೆ ಉಳಿಸಿಕೊಳ್ಳಿ ಅಂತ ನಾನು ಅಮ್ಮಂದಿರಿಗೆ ಹೇಳುತ್ತಿದ್ದುದು ಆ ಲೆಕ್ಕದ ಮೇಲೆ.

“ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಜವಾಬ್ದಾರಿ ಯಾರದು?”

ಆಸ್ಪತ್ರೆಗೆ ಸೇರುವಂಥ ತೊಂದರೆಯಾದರೆ ಮುಖ್ಯ ಸಂಶೋಧಕರು 24 ಗಂಟೆಯೊಳಗೆ ಸರ್ಕಾರದ ಔಷಧ ನಿಯಂತ್ರಕರಿಗೆ, ಟ್ರಯಲ್ ನಡೆಸಲು ಹಣ ಹಾಕುವ ಪ್ರಾಯೋಜಕರಿಗೆ, ನೈತಿಕ ಸಮಿತಿಗೆ ತಿಳಿಸಬೇಕು. ಟ್ರಯಲ್‌ನಿಂದ ಆದದ್ದಲ್ಲ ಎಂದು ಖಚಿತವಾಗುವವರೆಗೆ ಚಿಕಿತ್ಸೆ ಉಚಿತ. ಟ್ರಯಲ್‌ನಿಂದಲೇ ಆದದ್ದಾದರೆ ಪರಿಹಾರ ಬೇರೆ. ರಾತ್ರಿ ಎರಡು ಗಂಟೆಗೆ ಎತ್ತುವ ಫೋನ್ ನಂಬರ್ ಕಾಗದದಲ್ಲಿದೆಯೇ ನೋಡಿ. ನಾನಾಗಿದ್ದರೆ ಸಹಿಗೆ ಮುಂಚೆ ಒಂದು ಸಲ ಮಾಡಿಯೇ ನೋಡುತ್ತೇನೆ.

ಅಪಾಯವಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ನಟಾಲಿಜುಮ್ಯಾಬ್ 2004ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು 2005ರ ಫೆಬ್ರವರಿಯಲ್ಲಿ ಹಿಂದೆ ಸರಿಯಿತು. ಟ್ರಯಲ್‌ನಲ್ಲಿದ್ದವರಿಗೆ ಪಿಎಂಎಲ್ ಎಂಬ ಮೆದುಳಿನ ಸೋಂಕು ಕಾಣಿಸಿಕೊಂಡಿತ್ತು. ಔಷಧ ಪಡೆದಿದ್ದ ಮೂರು ಸಾವಿರಕ್ಕೂ ಹೆಚ್ಚು ಭಾಗಿಗಳನ್ನು ಕರೆದು ಪರೀಕ್ಷಿಸಿದರು. ಔಷಧ 2006ರಲ್ಲಿ ಎಚ್ಚರಿಕೆಯ ಕಟ್ಟಳೆಗಳೊಡನೆ ವಾಪಸಾಯಿತು, ಯಾರಿಗೆ ಅಪಾಯ ಹೆಚ್ಚು ಎಂದು ರಕ್ತದಲ್ಲಿ ನೋಡುವ ಪರೀಕ್ಷೆ ಆಮೇಲೆ ಬಂತು. ಡ್ಯಾಕ್ಲಿಜುಮ್ಯಾಬ್ ಎಂಬ ಇನ್ನೊಂದು ಎಂಎಸ್ ಔಷಧಕ್ಕೆ ಆ ಭಾಗ್ಯವಿರಲಿಲ್ಲ. 2016ರಲ್ಲಿ ಬಂದು 2018ರಲ್ಲಿ ಶಾಶ್ವತವಾಗಿ ಹೋಯಿತು.

“ಮಗಳಿಗೆ ಮದುವೆ ಮಾಡ್ಬೇಕು. ಹೆಸರು ಹೊರಗೆ ಬಂದ್ರೆ?”

ಟ್ಯೂಬಿನ ಮೇಲೆ, ಸ್ಕ್ಯಾನಿನ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಇರುತ್ತದೆ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಆಸ್ಪತ್ರೆಯ ಬೀರುವಿನಲ್ಲಿ ಬೀಗದೊಳಗೆ. ತಪಾಸಣೆಗೆ ಬರುವ ಅಧಿಕಾರಿಗಳು, ನೈತಿಕ ಸಮಿತಿಯವರು, ದಾಖಲೆ ತಾಳೆ ನೋಡಲು ಪ್ರಾಯೋಜಕರು ಕಳಿಸುವ ಮಾನಿಟರ್ ಮೂಲ ಫೈಲನ್ನು ನೋಡಬಹುದು, ಒಯ್ಯುವಂತಿಲ್ಲ. ನನ್ನ ಅನುಭವದಲ್ಲಿ ಸುದ್ದಿ ಸೋರುವುದು ಕಡತದಿಂದಲ್ಲ. ಒಪಿಡಿ ಸಾಲಿನಲ್ಲಿ ಊರಿನವರು ಕಂಡು ‘ಏನು ಇಲ್ಲಿ?’ ಅನ್ನುತ್ತಾರಲ್ಲ, ಅಲ್ಲಿಂದ. ಬೇರೆ ಹೊತ್ತಿಗೆ ಬರುವಂತೆ ಸಮಯ ಕೇಳಿಕೊಳ್ಳಿ, ಕೊಡುತ್ತಾರೆ.

### ಇನ್ನಷ್ಟು ಆಳಕ್ಕೆ

“ನಿಧಾನವಾಗಿ ಕೈಕಾಲು ಹೋಗ್ತಿರೋ ನಮ್ಮಂಥವರನ್ನ ಯಾವ ಟ್ರಯಲ್‌ಗೂ ತಗೊಳ್ಳಲ್ಲ ಯಾಕೆ?”

ಬಹಳ ಕಾಲ ಅದು ನ್ಯಾಯವಾದ ದೂರೇ ಆಗಿತ್ತು. ಅಟ್ಯಾಕ್ ಎಣಿಸುವುದು ಸುಲಭ, ನಿಧಾನ ಸವೆತವನ್ನು ಅಳೆಯಲು ವರ್ಷಗಳು ಬೇಕು, ಹಣ ಬೇಕು. ಮೊದಲಿನಿಂದಲೇ ಏರುತ್ತ ಹೋಗುವ ಬಗೆಯ 732 ಜನ ಸೇರಿದ ಟ್ರಯಲ್‌ನಿಂದ ಆಕ್ರೆಲಿಜುಮ್ಯಾಬ್ 2017ರಲ್ಲಿ ಆ ಬಗೆಗೆ ಒಪ್ಪಿಗೆ ಪಡೆದ ಮೊದಲ ಔಷಧವಾಯಿತು. ಲಾಭ ದೊಡ್ಡದೇನಲ್ಲ: ಅಂಗವೈಕಲ್ಯ ಹೆಚ್ಚಿದವರು ಸುಳ್ಳು ಔಷಧದ ಗುಂಪಿನಲ್ಲಿ ಶೇಕಡ 39, ಈ ಗುಂಪಿನಲ್ಲಿ 33. ಅಟ್ಯಾಕ್ ನಿಂತರೂ ಸವೆತ ನಿಲ್ಲದ ಎರಡನೇ ಹಂತದವರಲ್ಲಿ ಟೊಲೆಬ್ರುಟಿನಿಬ್ ಆ ಸವೆತದ ಅಪಾಯವನ್ನು ಶೇಕಡ 31ರಷ್ಟು ತಗ್ಗಿಸಿತು ಎಂದು 2024ರಲ್ಲಿ ತಿಳಿದುಬಂತು. ಕೆಲವರ ಲಿವರಿಗೆ ಪೆಟ್ಟು ಬಿದ್ದದ್ದನ್ನೂ ಅದರ ಜೊತೆಗೇ ಇಟ್ಟು ಓದಬೇಕು. ಬ್ರಿಟನ್ನಿನಲ್ಲಿ ಆಕ್ಟೋಪಸ್ ಎಂಬ ಟ್ರಯಲ್ ಹಲವು ಔಷಧಗಳನ್ನು ಒಟ್ಟಿಗೆ ಓಡಿಸಿ, ಸೋತದ್ದನ್ನು ಮಧ್ಯದಲ್ಲೇ ಕೈಬಿಡುವ ಹಾಗೆ ನಡೆಯುತ್ತಿದೆ. ಅದರಲ್ಲಿ ಒಂದು ನಮ್ಮೂರ ಸಕ್ಕರೆ ಕಾಯಿಲೆಯವರ ಮೆಟ್‌ಫಾರ್ಮಿನ್. ‘ಹಾಗಾದ್ರೆ ನಾನೂ ನುಂಗಲಾ?’ ಅಂತ ಕೇಳಬೇಡಿ, ಫಲಿತಾಂಶ ಬಂದಿಲ್ಲ.

“ಟ್ರಯಲ್ ಫೇಲಾಯ್ತಂತೆ. ನಾಲ್ಕು ವರ್ಷ ಓಡಾಡಿದ್ದು ನೀರಲ್ಲಿ ಹೋಮ ಆಯ್ತಲ್ಲ?”

ನಾನು ಹೀಗೆ ನೋಡುತ್ತೇನೆ. ಇಟಲಿಯ ಪಾವ್ಲೊ ಜಂಬೋನಿ ಎಂಬ ವೈದ್ಯರು 2009ರಲ್ಲಿ, ಎಂಎಸ್‌ಗೆ ಕಾರಣ ಕುತ್ತಿಗೆಯ ರಕ್ತನಾಳ ಕಿರಿದಾಗಿರುವುದು, ಬಲೂನು ಹಾಕಿ ಹಿಗ್ಗಿಸಿದರೆ ಸರಿಹೋಗುತ್ತದೆ ಎಂದರು. ಸಾವಿರಾರು ಮಂದಿ ಸಾಲ ಮಾಡಿ ದೇಶ ದೇಶ ಸುತ್ತಿ ಹಿಗ್ಗಿಸಿಕೊಂಡರು, ಭಾರತಕ್ಕೂ ಬಂದರು. ಕೊನೆಗೆ ಕೆನಡಾದಲ್ಲಿ 104 ರೋಗಿಗಳು ‘ನಮಗೆ ನಿಜವಾದದ್ದು ಮಾಡ್ತಾರೋ ಸುಳ್ಳಿನದೋ ಗೊತ್ತಿಲ್ಲ, ಆಗಲಿ’ ಎಂದು ಟೇಬಲ್ ಮೇಲೆ ಮಲಗಿದರು. ವರ್ಷದ ನಂತರ ಎರಡೂ ಗುಂಪಿಗೆ ವ್ಯತ್ಯಾಸವಿರಲಿಲ್ಲ. 2017ರಲ್ಲಿ ಇದು ಹೊರಬಂದಾಗ ಜಂಬೋನಿಯವರ ಸ್ವಂತ ಟ್ರಯಲ್ಲೂ ಅದೇ ಉತ್ತರ ಕೊಟ್ಟಿತು. ಬ್ರಿಟನ್ನಿನಲ್ಲಿ 964 ಜನ ಕೊಲೆಸ್ಟೆರಾಲ್ ಮಾತ್ರೆ ಸಿಮ್ವಾಸ್ಟಾಟಿನ್ ಅಥವಾ ಸುಳ್ಳು ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರು. ಚಿಕ್ಕ ಟ್ರಯಲ್‌ನಲ್ಲಿ ಅದು ಆಸೆ ಹುಟ್ಟಿಸಿತ್ತು. 2024ರಲ್ಲಿ ಉಪಯೋಗವಿಲ್ಲ ಎಂದು ಗೊತ್ತಾಯಿತು. ನಿಮ್ಮ ಟ್ರಯಲ್‌ನ ಫಲಿತಾಂಶ ನಿಮಗೆ ಮೊದಲು ತಿಳಿಯಬೇಕು, ಪೇಪರಿನಲ್ಲಿ ಓದಿ ತಿಳಿಯುವಂತಾಗಬಾರದು. ಈ ವಿಷಯದಲ್ಲಿ ನಮ್ಮವರು ಇನ್ನೂ ಸೋಮಾರಿಗಳು. ಫೋನ್ ಮಾಡಿ ಕೇಳಿ.

“ಸ್ಟೆಮ್ ಸೆಲ್ ಟ್ರಯಲ್ ಅಂತೆ, ಆರು ಲಕ್ಷ ಕಟ್ಟಿ ಅಂತಿದ್ದಾರೆ. ಸೈಟ್ ಮಾರೋಣ ಅಂತಿದ್ದೀವಿ.”

ಮಾರಬೇಡಿ. ದುಡ್ಡು ಕೇಳಿದರೆ ಅದು ಟ್ರಯಲ್ ಅಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಒಪ್ಪಿಗೆ ಪಡೆದ ಟ್ರಯಲ್‌ನ ಹೊರಗೆ ಸ್ಟೆಮ್ ಸೆಲ್ ಕೊಡುವುದು, ರಕ್ತದ ಕೆಲವು ಕಾಯಿಲೆಗಳಂಥವನ್ನು ಬಿಟ್ಟರೆ, ಸಲ್ಲದು; ಟ್ರಯಲ್‌ನಲ್ಲಿ ರೋಗಿಯಿಂದ ಹಣ ವಸೂಲಿ ಮಾಡುವಂತೆಯೂ ಇಲ್ಲ. ಕೀಮೊ ಕೊಟ್ಟು ರೋಗನಿರೋಧಕ ವ್ಯವಸ್ಥೆಯನ್ನು ಅಳಿಸಿ ತನ್ನದೇ ಅಸ್ಥಿಮಜ್ಜೆಯ ಕಣದಿಂದ ಮತ್ತೆ ಕಟ್ಟುವ ಚಿಕಿತ್ಸೆ ಬೇರೆ. 2019ರಲ್ಲಿ ಪ್ರಕಟವಾದ 110 ಜನರ ಟ್ರಯಲ್‌ನಲ್ಲಿ ಅದು ಆಗ ಇದ್ದ ಔಷಧಗಳಿಗಿಂತ ಮೇಲು ಅನ್ನಿಸಿತು. ಅದು ರಕ್ತತಜ್ಞರ ವಾರ್ಡಿನಲ್ಲಿ ವಾರಗಟ್ಟಲೆ ಇದ್ದು ಮಾಡಿಸುವಂಥದ್ದು. ಮಧ್ಯಾಹ್ನ ಹೋಗಿ ಬೆನ್ನಿಗೆ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಸಂಜೆ ಬಸ್ ಹತ್ತುವುದಲ್ಲ.

ಯಾವ ಟ್ರಯಲ್ ಆದರೂ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿದೆಯೇ ನೋಡಿ. 2009ರ ಜೂನ್‌ನಿಂದ ಇದು ಕಡ್ಡಾಯ. ಅಲ್ಲಿ ಕಾಯಿಲೆಯ ಹೆಸರು ಹಾಕಿ ಹುಡುಕಿದರೆ ಯಾವ ಆಸ್ಪತ್ರೆ, ಯಾರು ಸಂಶೋಧಕರು, ನೈತಿಕ ಸಮಿತಿ ಒಪ್ಪಿದೆಯೋ ಇಲ್ಲವೋ ಎಲ್ಲ ಕಾಣುತ್ತದೆ, ಖರ್ಚಿಲ್ಲ. ಆದರೆ ನೋಂದಣಿ ಸಂಖ್ಯೆ ಇದ್ದ ಮಾತ್ರಕ್ಕೆ ಚಿಕಿತ್ಸೆ ಒಳ್ಳೆಯದು ಅಂತಲ್ಲ.

“ಟ್ರಯಲ್ ಮುಗಿದ ಮೇಲೆ ಔಷಧ ನಿಲ್ಲಿಸಿಬಿಟ್ರೆ ನಮ್ಮ ಗತಿ?”

ಔಷಧ ಫಲ ಕೊಟ್ಟಿದ್ದು, ಬೇರೆ ದಾರಿ ಇಲ್ಲದಿದ್ದರೆ, ಸಂಶೋಧಕರ ಶಿಫಾರಸು ಮತ್ತು ನೈತಿಕ ಸಮಿತಿಯ ಒಪ್ಪಿಗೆಯ ಮೇಲೆ ಪ್ರಾಯೋಜಕರು ಉಚಿತವಾಗಿ ಮುಂದುವರಿಸಲು ನಿಯಮದಲ್ಲಿ ದಾರಿಯಿದೆ. ‘ಬೇರೆ ದಾರಿ ಇಲ್ಲದಿದ್ದರೆ’ ಅನ್ನುವಲ್ಲೇ ಕೊಕ್ಕೆ.

ಅಗ್ಗದ ಔಷಧದ ಸಂಶೋಧನೆ ನಮಗೆ ಮುಖ್ಯ ಅನ್ನುವುದು ಅದಕ್ಕೇ. ರಿಟುಕ್ಸಿಮ್ಯಾಬ್ ಮೂಲತಃ ರಕ್ತದ ಕ್ಯಾನ್ಸರಿನದು. ಸ್ವೀಡನ್ನಿನ 200 ರೋಗಿಗಳ ಟ್ರಯಲ್‌ನಲ್ಲಿ ಎರಡು ವರ್ಷದಲ್ಲಿ ಅಟ್ಯಾಕ್ ಆದವರು ಡೈಮಿಥೈಲ್ ಫ್ಯೂಮರೇಟ್ ಎಂಬ ಎಂಎಸ್ ಔಷಧದ ಗುಂಪಿನಲ್ಲಿ ಶೇಕಡ 16, ರಿಟುಕ್ಸಿಮ್ಯಾಬ್ ಗುಂಪಿನಲ್ಲಿ 3. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅವಶ್ಯಕ ಔಷಧಗಳ ಪಟ್ಟಿಗೆ ಎಂಎಸ್‌ಗಾಗಿ ಸೇರಿಸಿದ ಮೂರರಲ್ಲಿ ಇದೂ ಒಂದು. ಭಾರತದಲ್ಲೇ ತಯಾರಾಗುವ ರಿಟುಕ್ಸಿಮ್ಯಾಬ್ ಇರುವುದರಿಂದ ನಮ್ಮ ಎಷ್ಟೋ ಮನೆಗಳು ಉಸಿರಾಡುತ್ತಿವೆ.

“ಅಮ್ಮ ಹೋದ ಮೇಲೆ ಅವರ ಮೆದುಳು ಕೊಡಬಹುದಾ? ಅವರೇ ಹೇಳಿದ್ದರು.”

ಕೊಡಬಹುದು. ನಿಮ್ಹಾನ್ಸ್‌ನಲ್ಲಿ ಮೆದುಳಿನ ಬ್ಯಾಂಕ್ ಇದೆ. ಜೀವವಿದ್ದಾಗ ಮೆದುಳಿನ ತುಣುಕು ಸಿಗುವುದು ಅಪರೂಪವಾದ್ದರಿಂದ ಇಂಥ ದಾನಕ್ಕೆ ಬೆಲೆ ಕಟ್ಟಲಾಗದು. ಹೊತ್ತು ಮಾತ್ರ ಕಾಯುವುದಿಲ್ಲ, ಗಂಟೆಗಳ ಲೆಕ್ಕ. ಮನೆಯವರೆಲ್ಲ ಮೊದಲೇ ಮಾತಾಡಿಕೊಂಡು ಫೋನ್ ನಂಬರ್ ಗೋಡೆ ಮೇಲೆ ಬರೆದಿಡಿ. ಮುಖ ಕೆಡುವುದಿಲ್ಲ, ಮಣ್ಣಿಗಾಗಲಿ ಸುಡುವುದಕ್ಕಾಗಲಿ ದೇಹ ಮನೆಗೆ ಬರುತ್ತದೆ.

“ಏನನ್ನ ಅಳೀಬೇಕು ಅಂತ ನಮ್ಮನ್ನ ಯಾರಾದ್ರೂ ಕೇಳ್ತಾರಾ?”

ಈಗೀಗ ಕೇಳುತ್ತಿದ್ದಾರೆ. ಬ್ರಿಟನ್ನಿನಲ್ಲಿ 2013ರಲ್ಲಿ ರೋಗಿಗಳು, ಆರೈಕೆ ಮಾಡುವವರು, ವೈದ್ಯರು ಒಟ್ಟಿಗೆ ಕೂತು ಎಂಎಸ್ ಸಂಶೋಧನೆಯ ಹತ್ತು ಆದ್ಯತೆ ಪಟ್ಟಿ ಮಾಡಿದರು. ಇಡಿಎಸ್ಎಸ್ ನಡಿಗೆಗೆ ಕೊಡುವ ತೂಕವನ್ನು ಸುಸ್ತಿಗೆ, ಮರೆವಿಗೆ, ಕೈಗೆ ಕೊಡುವುದಿಲ್ಲ ಎಂಬ ದೂರು ಹಳೆಯದು. ನಮ್ಮಲ್ಲಿ ನೈತಿಕ ಸಮಿತಿಯಲ್ಲಿ ವೈದ್ಯರಲ್ಲದ ಒಬ್ಬ ಸಾಮಾನ್ಯ ಸದಸ್ಯರು ಇರಲೇಬೇಕು ಎಂಬ ನಿಯಮವಿದೆ. ಅವರ ಮೂಲಕ ನಿಮ್ಮ ಮಾತು ಮುಟ್ಟಿಸಬಹುದು.

ಆ ಹೂವಿನವಳ ಮಾತು ಕೇಳಿದ ಮೇಲೆ ಅವಳ ಫಾರಂನ ಟಿಪ್ಪಣಿ ಜಾಗದಲ್ಲಿ ‘ಒಂದು ಮೊಳ ಮಲ್ಲಿಗೆ ಕಟ್ಟಲು: ಮೊದಲು 10 ನಿಮಿಷ, ಈಗ 25’ ಅಂತ ಬರೆದಿದ್ದೆ. ತಪಾಸಣೆಗೆ ಬಂದ ಮಾನಿಟರ್ ‘ಇದು ಪ್ರೊಟೊಕಾಲ್‌ನಲ್ಲಿಲ್ಲ, ತೆಗೀರಿ’ ಅಂದರು. ಟ್ರಯಲ್ ಕಾಗದದಲ್ಲಿ ಬಿಳಿ ಇಂಕು ಬಳಿಯುವಂತಿಲ್ಲ. ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ, ತಾರೀಕು ಹಾಕಬೇಕು. ಹಾಕಿದೆ. ಗೆರೆಯಡಿಯ ಸಾಲು ಓದಲು ಬರುವಂತೆಯೇ ಉಳಿಯಿತು.